ಜೇಬಿಲ್ಲದ ನಿಲುವಂಗಿ

ಚೀನಾದ ಕೊನೆಯ ಚಕ್ರವರ್ತಿ ಆ ಭಾನುವಾರ ಬೆಳಿಗ್ಗೆ ಸಂಧ್ಯಾವಂದನೆಗೆ ಕೂತು ಅರ್ಘ್ಯದ ಮಂತ್ರವನ್ನು ನಡುವೆ ತಪ್ಪಿದ. ತಪ್ಪಿದ್ದು ಅಪ್ಪನ ಕಿವಿಗೆ ಬಿದ್ದೀತೆಂಬ ಹಳೆಯ ಭಯದಲ್ಲಿ ಯಜ್ಞನಾರಾಯಣ ಕೂತಲ್ಲಿಂದಲೇ ಕತ್ತು ಹೊರಳಿಸಿ ನೋಡಿದ. ಹಿಂದೆ ವಾಷಿಂಗ್ ಮಷೀನು ಮಾತ್ರ ಇತ್ತು. ಅದು ಹೊಟ್ಟೆಯೊಳಗಿನ ಬಟ್ಟೆಗಳನ್ನು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗಿಸುತ್ತ ಅವನಿಗಿಂತ ಹೆಚ್ಚು ಶ್ರದ್ಧೆಯಿಂದ ತನ್ನ ಕರ್ಮ ಮಾಡುತ್ತಿತ್ತು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಹೋದವರು ತುರುವೇಕೆರೆಯಿಂದ ಮಲೇಷ್ಯಾದ ಕ್ಲಾಂಗ್ ಬಂದರಿನವರೆಗೆ ಬಂದು ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ ನಿಂತು ಮಗನ ಸ್ವರ ತಪ್ಪಿದ್ದನ್ನು ಕೇಳಿಸಿಕೊಳ್ಳುತ್ತಾರೆಂದು ಅವನೇನೂ ನಂಬಿರಲಿಲ್ಲ. ಆದರೂ ಮಂತ್ರವನ್ನು ಮೊದಲಿನಿಂದ ಹೇಳಿದ. ನಡುಮನೆಯಲ್ಲಿ ದಸರೆಯ ಗೊಂಬೆಗಳ ಮೆಟ್ಟಿಲನ್ನು ಹೆಂಡತಿ ತುಳಸಿ ಇನ್ನೂ ಬಿಚ್ಚಿರಲಿಲ್ಲ. ವಿಜಯದಶಮಿಯ ರಾತ್ರಿ ಮಲಗಿಸಿದ ಪಟ್ಟದ ರಾಜ ಮೇಲಿನ ಮೆಟ್ಟಿಲಿನಲ್ಲಿ ಅಂಗಾತ ಬಿದ್ದು, ಬಣ್ಣದ ಕಣ್ಣು ತೆರೆದುಕೊಂಡೇ ಫ್ಯಾನನ್ನು ನೋಡುತ್ತಿದ್ದ. ರಾಜನನ್ನು ಪೆಟ್ಟಿಗೆಗೆ ಹಾಕುವುದಿಲ್ಲವೇ ಎಂದು ನಿನ್ನೆ ಅವನು ಕೇಳಿದ್ದಕ್ಕೆ, ನಾಳೆ ನಿಮ್ಮದೂ ಮುಗೀಲಿ, ಇಬ್ಬರನ್ನೂ ಒಟ್ಟಿಗೇ ಎತ್ತಿಡ್ತೀನಿ ಎಂದಿದ್ದಳು ತುಳಸಿ. ಇಬ್ಬರೂ ನಕ್ಕಿದ್ದರು.

ಅವನು ಚಕ್ರವರ್ತಿಯಾದದ್ದು ಹೀಗೆ. ನೂರು ವರ್ಷದ ಹಿಂದೆ, ಹತ್ತನೆಯ ತಿಂಗಳ ಹತ್ತನೆಯ ತಾರೀಖಿನಂದು, ಚೀನಾದ ಒಂದು ಊರಿನಲ್ಲಿ ಸಿಪಾಯಿಗಳು ಬಂಡೆದ್ದರು. ಮಳೆಗಾಲ ಕಳೆದು ಚಳಿ ಮುಗಿಯುವುದರೊಳಗೆ ಸಾವಿರಾರು ವರ್ಷಗಳ ರಾಜಪಟ್ಟ ಇಳಿದು ಗಣರಾಜ್ಯವಾಯಿತು. ಅದಕ್ಕೆ ಮಲಯಾದ ಚೀನೀ ವ್ಯಾಪಾರಿಗಳೂ ಹಣ ಕಳಿಸಿದ್ದರಂತೆ. ಯಜ್ಞನಾರಾಯಣನ ಕಂಪನಿಯ ಧಣಿ ಮಿಸ್ಟರ್ ಕೋ ಹೇಳುವ ಪ್ರಕಾರ, ಹಾಗೆ ಕಳಿಸಿದವರಲ್ಲಿ ಅವನ ತಾತ ಮೊದಲಿಗ. ಅನಾನಸ್ ಹಣ್ಣನ್ನು ಡಬ್ಬಿಗೆ ತುಂಬಿ ಮಾರುತ್ತಿದ್ದ ಆ ತಾತ ಸುದ್ದಿ ಬಂದ ದಿನವೇ, ರಾಜನಿಗೆ ಅಧೀನನೆಂಬ ಗುರುತಾಗಿ ಬಿಟ್ಟಿದ್ದ ತನ್ನ ಉದ್ದ ಜಡೆಯನ್ನು ಅಂಗಡಿಯ ಕತ್ತರಿಯಲ್ಲಿ ಕತ್ತರಿಸಿ ಬೀದಿಗೆಸೆದನಂತೆ. ವರ್ಷ ಕಳೆದಂತೆ ಕಥೆಯಲ್ಲಿ ಜಡೆ ಉದ್ದವಾಗುತ್ತಿತ್ತು, ಕತ್ತರಿ ದೊಡ್ಡದಾಗುತ್ತಿತ್ತು. ಈಗ ಶತಮಾನೋತ್ಸವ. ಕೋ ಅಧ್ಯಕ್ಷನಾಗಿರುವ ಕುಲಸಂಘದ ಸಭಾಭವನದಲ್ಲಿ ಒಂದು ರೂಪಕ. ಕ್ರಾಂತಿಯ ಸೇನಾಪತಿ ಸ್ವತಃ ಕೋ. ಜಡೆ ಕತ್ತರಿಸಿಕೊಳ್ಳುವ ಪ್ರಜೆಗಳು ಗೋದಾಮಿನ ಹುಡುಗರು. ಹೊಸ ಗಣರಾಜ್ಯದ ಅಧ್ಯಕ್ಷ ಡೆಸ್ಮಂಡ್, ಕೋನ ತಂಗಿಯ ಮಗ, ಮೆಲ್ಬೋರ್ನಿನಲ್ಲಿ ಓದಿ ಹೋದ ತಿಂಗಳಷ್ಟೇ ಬಂದಿಳಿದವನು. ಪಟ್ಟ ಬಿಟ್ಟುಕೊಡುವ ಚಕ್ರವರ್ತಿ ಮಾತ್ರ ಸಿಕ್ಕಿರಲಿಲ್ಲ. ಒಂದು ಮಧ್ಯಾಹ್ನ ಕೋ ಅವನ ಮೇಜಿನ ಬಳಿ ಬಂದು ನಿಂತು, ತಲೆಯಿಂದ ಹೊಟ್ಟೆಯವರೆಗೆ ಅಳೆದು, ನೀನು ಹಾಡ್ತೀಯಲ್ಲ, ನಿನ್ನ ಮುಖದಲ್ಲಿ ರಾಜಕಳೆ ಇದೆ ಎಂದ. ಹದಿನೈದು ವರ್ಷದಲ್ಲಿ ಕೋ ಅವನ ಮುಖದ ಬಗ್ಗೆ ಆಡಿದ ಮೊದಲ ಮಾತು ಅದು.

ರಾಜನ ಪಾತ್ರವನ್ನು ಬೇಡ ಎನ್ನುವುದು ಯಜ್ಞನಾರಾಯಣನ ರಕ್ತದಲ್ಲೇ ಇರಲಿಲ್ಲ. ದೇವಸ್ಥಾನದ ಪಡಸಾಲೆಯಲ್ಲಿ ಅಪ್ಪ ಗಮಕ ವಾಚನಕ್ಕೆ ಕೂತಾಗ ಅವನು ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಒತ್ತಿಕೊಂಡು ಬೆಳೆದವನು. ಅಲ್ಲಿ ಅರಸರು ಗೆಲ್ಲುತ್ತಿದ್ದರು, ಸೋಲುತ್ತಿದ್ದರು, ಕಾಡಿಗೆ ಹೋಗುತ್ತಿದ್ದರು. ಸೋತರೂ ಅರಸರು ಅರಸರೇ. ಊರು ಸೋತವನಿಗೆ ಹೆಚ್ಚು ಅಳುತ್ತಿತ್ತು. ಗೆದ್ದವನ ಸಂಧಿ ಯಾರ ಗಂಟಲಿಗಾದರೂ ಕೂರತ್ತೆ ಕಣೋ, ಸೋತವನದ್ದು ಓದಕ್ಕೆ ಉಸಿರು ಬೇಕು ಎನ್ನುತ್ತಿದ್ದರು ಅಪ್ಪ. ಹಾಗಾಗಿ ಆಫೀಸಿನ ಚೀನೀಯರೆಲ್ಲ ಒಬ್ಬೊಬ್ಬರಾಗಿ ಈ ಪಾತ್ರವನ್ನು ನಿರಾಕರಿಸಿದ್ದು ಗೊತ್ತಾದಾಗ ಅವನಿಗೆ ಕನಿಕರವೇ ಆಯಿತು. ಪಾಪ, ಕಂಟೇನರ್ ಎಣಿಸುವ ಮಂದಿ, ಇವರಿಗೆಲ್ಲಿಂದ ಬರಬೇಕು ಸಿಂಹಾಸನದ ಗಾಂಭೀರ್ಯ. ಆ ಸಂಜೆಯೇ ಕನ್ನಡ ಸಂಘದ ಎಲ್ಲರಿಗೂ ಎಸ್ಸೆಮ್ಮೆಸ್ ಹೋಯಿತು. ಇಂಟರ್‌ನೆಟ್ಟಿನಲ್ಲಿ ಓದಿಕೊಂಡ ಮೇಲೆ ಒಂದು ಅನುಮಾನ ಬಂತು. ನಿಜವಾದ ಕೊನೆಯ ಚಕ್ರವರ್ತಿ ಆರು ವರ್ಷದ ಮಗು. ಅವನ ಪರವಾಗಿ ಪಟ್ಟ ಬಿಟ್ಟುಕೊಟ್ಟವಳು ರಾಣಿ. ಇದನ್ನು ಕೋಗೆ ಹೇಳಿದ. ಕೋ ಅವನನ್ನು ದಡ್ಡನನ್ನು ನೋಡುವಂತೆ ನೋಡಿ, ಯಾವ ತಾಯಿ ಮಗು ಕೊಡ್ತಾಳೆ ಲಾ ಎಂದ, ಮಾತಿನ ಕೊನೆಗೆ ಲಾ ಅಂಟಿಸುವ ಇಲ್ಲಿನವರ ರೂಢಿಯಂತೆ. ಮಕ್ಕಳಿಗೆ ಪರೀಕ್ಷೆಯ ಕಾಲ, ನಿಜ, ಎಂದುಕೊಂಡ ಯಜ್ಞನಾರಾಯಣ.

ಆದರೆ ಅವನನ್ನು ಒಳಗೊಳಗೇ ಕೊರೆಯುತ್ತಿದ್ದುದು ಸಿಂಹಾಸನವಲ್ಲ, ಕುರ್ಚಿ. ಆಪರೇಷನ್ಸ್ ಮ್ಯಾನೇಜರ್ ಆಗಿದ್ದ ಮುದುಕ ನಿವೃತ್ತನಾಗಿ ಪೆನಾಂಗಿಗೆ ಹೋದ ಮೇಲೆ ಆ ಗಾಜಿನ ಕೋಣೆಯ ಎತ್ತರ ಬೆನ್ನಿನ ಕರಿ ಚರ್ಮದ ಕುರ್ಚಿಯಲ್ಲಿ ಯಜ್ಞನಾರಾಯಣ ಕೂರುತ್ತಿದ್ದ. ಹೆಸರಿನ ಮುಂದೆ ಆಕ್ಟಿಂಗ್ ಎಂಬ ಪದವಿತ್ತು. ಆ ಪದವೇ ಬೆನ್ನಿಗೆ ಚುಚ್ಚುತ್ತಿದೆಯೇನೋ ಎಂಬಂತೆ ಅವನು ಇಷ್ಟು ತಿಂಗಳಲ್ಲಿ ಒಮ್ಮೆಯೂ ಆ ಕುರ್ಚಿಗೆ ಒರಗಿರಲಿಲ್ಲ. ತುದಿಯಲ್ಲಿ ನೆಟ್ಟಗೆ ಕೂತು, ಕಂಪನಿಯ ಮೊಹರನ್ನು ಕಾಗದಗಳ ಮೇಲೆ ಒತ್ತುತ್ತಿದ್ದ. ಚಾಪ್ ಎನ್ನುತ್ತಾರೆ ಇಲ್ಲಿ ಅದಕ್ಕೆ. ಆ ಚಾಪ್ ಬೀಳದೆ ಬಂದರಿನಿಂದ ಒಂದು ಪೆಟ್ಟಿಗೆಯೂ ಕದಲುವುದಿಲ್ಲ. ಆ ಕುರ್ಚಿ ಕಾಯಂ ಆಗಿ ಯಾರಿಗೆ ಅಂತ ಸೋಮವಾರ ಹೇಳ್ತೀನಿ, ಹತ್ತನೇ ತಾರೀಖು ಒಳ್ಳೇ ದಿನ ಎಂದಿದ್ದ ಕೋ. ಹಾಗೆಂದವನು ತನ್ನ ಆಫೀಸಿನಲ್ಲಿ ಯಾರು ಯಾವ ಹೊತ್ತಿಗೆ ಮೂತ್ರಕ್ಕೆ ಹೋಗಬೇಕೆಂಬುದನ್ನೂ ತಾನೇ ನಿರ್ಧರಿಸುವವನು. ಅವನು ಲಿಫ್ಟಿಗೆ ಬಂದರೆ ಉಳಿದವರು ಇಳಿದು ಮೆಟ್ಟಿಲು ಹತ್ತುತ್ತಿದ್ದರು. ಈ ಮಹಾಶಯ ರಾಜಪ್ರಭುತ್ವದ ಅಂತ್ಯವನ್ನು ಅಭಿನಯಿಸುತ್ತಾನೆ. ಯಜ್ಞನಾರಾಯಣನಿಗೆ ಒಳಗೇ ನಗು ಬರುತ್ತಿತ್ತು. ಹೊರಗೆ ಮಾತ್ರ ಯೆಸ್ ಮಿಸ್ಟರ್ ಕೋ ಎನ್ನುತ್ತಿದ್ದ. ತಿರಸ್ಕಾರವೆಂಬುದು ಅವನ ಬಳಿಯಿದ್ದ ಒಂದೇ ಆಸ್ತಿ. ಅದನ್ನೂ ಅವನು ಖರ್ಚು ಮಾಡದೆ ಕೂಡಿಟ್ಟಿದ್ದ.

ಮನ್ಸೂರ್ ಕಾರು ತಂದ. ಹುಬ್ಬಳ್ಳಿಯವನು, ಪೆಟಾಲಿಂಗ್ ಜಯಾದಲ್ಲಿ ಎಂಜಿನಿಯರು, ಸಂಘದಲ್ಲಿ ಅವನ ನಗೆಗೆ ಎಲ್ಲರೂ ಹೆದರುತ್ತಿದ್ದರು. ಬಾಗಿಲಲ್ಲೇ ಸೊಂಟ ಬಗ್ಗಿಸಿ ಸಲಾಮು ಹೊಡೆದು, "ಮಹಾರಾಜ್ರ, ರಥ ಬಂದೈತಿ. ಏಸಿ ಕೆಟ್ಟೈತಿ, ಶಾಪ ಕೊಡಬ್ಯಾಡ್ರಿ," ಎಂದ. ತುಳಸಿ ಮೈಸೂರು ರೇಷ್ಮೆ ಉಟ್ಟಿದ್ದಳು. ಮಗಳು ಧೃತಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಿಂದೆ ಕೂತಳು. ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು. ದಾರಿಯುದ್ದಕ್ಕೂ ಮನ್ಸೂರ್ ರಾಜನಿಗೆ ಎಷ್ಟು ಮಂದಿ ರಾಣಿಯರು, ಇವತ್ತು ರಾಜ್ಯ ಹೋದರೆ ರಾತ್ರಿ ಮಾಮಕ್ ಹೋಟೆಲಿನಲ್ಲಿ ರೊಟ್ಟಿಯ ದುಡ್ಡು ಯಾರು ಕೊಡುವವರು ಎಂದೆಲ್ಲ ಕೇಳುತ್ತಿದ್ದ. ಯಜ್ಞನಾರಾಯಣ ತೊಡೆಯ ಮೇಲಿನ ಕೆಂಪು ಡಬ್ಬಿಯನ್ನು ಎರಡು ಕೈಯಿಂದ ಹಿಡಿದುಕೊಂಡಿದ್ದ. ಅದರಲ್ಲಿ ಚಾಪ್ ಇತ್ತು. ರಾಜಮುದ್ರೆಯ ಪಾತ್ರಕ್ಕೆ ಕಂಪನಿಯ ಚಾಪನ್ನೇ ತಾ, ನೋಡಲು ಅಸಲಿ ಅನಿಸುತ್ತೆ ಎಂದು ಕೋ ಹೇಳಿದ್ದ. ಜಿಪುಣ, ಒಂದು ಮರದ ತುಂಡು ಕೊರೆಸಲಿಕ್ಕೂ ಆಗದವನು ಎಂದು ಬೈದುಕೊಂಡೇ ತಂದಿದ್ದ.

ಸಭಾಭವನದ ಹಿಂಭಾಗದಲ್ಲಿ, ಮಡಚುವ ಮೇಜುಗಳನ್ನು ಒಟ್ಟಿದ ಕೋಣೆಯೊಂದರಲ್ಲಿ, ಅಕೌಂಟ್ಸಿನ ಮಿಸ್ ಚೂ ಅವನಿಗೆ ಉಡುಪು ಕೊಟ್ಟಳು. ಕೊಟ್ಟಳು ಎನ್ನುವಂತಿಲ್ಲ. ಕಂದು ಕಾಗದದ ಪೊಟ್ಟಣವನ್ನು ಪೊರಕೆಯ ತುದಿಯಿಂದ ಅವನತ್ತ ತಳ್ಳಿ ಬಾಗಿಲಾಚೆ ನಿಂತಳು. ಕಡುನೀಲಿ ರೇಷ್ಮೆ, ಮೈತುಂಬ ಜರಿಯ ವೃತ್ತಗಳು, ವೃತ್ತಗಳೊಳಗೆ ಒಂದೇ ಅಕ್ಷರ ಮತ್ತೆ ಮತ್ತೆ. ಒಳಗೆ ತೊಡಲು ಬಿಳಿಯದು, ಅದರ ಮೇಲೊಂದು, ಅದರ ಮೇಲೆ ಈ ನಿಲುವಂಗಿ, ಒಂದು ಟೊಪ್ಪಿ. ಅಂಗಿ ಪ್ಯಾಂಟು ಕಳಚಿ ಒಂದರ ಮೇಲೊಂದು ತೊಟ್ಟುಕೊಂಡ. ಗುಂಡಿಯಿರಲಿಲ್ಲ, ಬರೀ ಕಟ್ಟುವ ದಾರಗಳು. ತೋಳುಗಳು ಎಷ್ಟು ಉದ್ದವೆಂದರೆ ಬೆರಳ ತುದಿಯೂ ಹೊರಗೆ ಕಾಣುತ್ತಿರಲಿಲ್ಲ. ಫೋನನ್ನು ಆಗಲೇ ಧೃತಿಯ ಕೈಗೆ ಕೊಟ್ಟಿದ್ದ. ಉಳಿದದ್ದು ಆಫೀಸಿನ ಬೀಗದ ಕೈ. ಅದನ್ನೆಲ್ಲಿಡುವುದು ಎಂದು ನಿಲುವಂಗಿಯ ಎರಡೂ ಬದಿ ತಡಕಾಡಿದ, ಒಳಗೆ ತಡಕಾಡಿದ, ಕಳ್ಳಜೇಬಾದರೂ ಇದ್ದೀತೆಂದು ಎದೆಯ ಬಳಿ ತಡಕಾಡಿದ.

"ಜೇಬು ಇರಲ್ಲ ಲಾ," ಎಂದಳು ಮಿಸ್ ಚೂ ಬಾಗಿಲಿನಿಂದ.

"ಯಾಕೆ?"

ಅವಳು ಅತ್ತಿತ್ತ ನೋಡಿದಳು. ನಂತರ, ಇವನೊಬ್ಬನಿಗೆ ಯಾರೂ ಹೇಳಿಲ್ಲವೆಂಬುದು ಅವಳಿಗೆ ಈಗ ಹೊಳೆದಂತೆ, ದನಿ ತಗ್ಗಿಸಿದಳು. "ಇದನ್ನ ಹಾಕ್ಕೊಂಡು ಹೋಗೋವ್ರಿಗೆ, ಅಲ್ಲಿ ಜೇಬು ಯಾತಕ್ಕೆ?"

ಅವಳು ಆಮೇಲೆ ಹೇಳಿದ್ದನ್ನೆಲ್ಲ ಅವನು ಅರ್ಧ ಕೇಳಿಸಿಕೊಂಡ. ನಾಟಕದ ಅಂಗಡಿಯ ಬಾಡಿಗೆ ಜಾಸ್ತಿಯಾಯಿತಂತೆ. ಶವಪೆಟ್ಟಿಗೆಯ ಅಂಗಡಿಯ ಮಾಲೀಕ ಕೋನ ಗೆಳೆಯ. ಇದನ್ನು ಅವನು ಬಿಟ್ಟಿಯಾಗಿ ಕೊಟ್ಟನಂತೆ. ಹಳೆಯ ರಾಜರ ಕಾಲದ ಉಡುಪನ್ನು ಈಗ ಇವರು ತೊಡಿಸುವುದು ಹೆಣಗಳಿಗೆ ಮಾತ್ರ. ಜೇಬಿದ್ದರೆ ಹೋಗುವವನು ಮನೆಯ ಭಾಗ್ಯವನ್ನು ಅದರಲ್ಲಿ ತುಂಬಿಕೊಂಡು ಹೋದಾನೆಂದು ಜೇಬಿಡುವುದಿಲ್ಲ. ಅದಕ್ಕೇ ಯಾರೂ ಒಪ್ಪಲಿಲ್ಲ. ಅದಕ್ಕೇ ಯಾವ ತಾಯಿಯೂ ಮಗು ಕೊಡಲಿಲ್ಲ. ನೀನು ಹಿಂದೂ, ನಿನಗೆ ತಾಗಲ್ಲ ಅಂತ ಬಾಸ್ ಹೇಳಿದ್ರು ಎಂದಳು ಮಿಸ್ ಚೂ. ಹೇಳಿ ಮುಗಿಸಿ ಒಂದು ಹೆಜ್ಜೆ ಹಿಂದೆ ಸರಿದಳು.

ನನಗೆ ತಾಗುವುದಿಲ್ಲ. ತುರುವೇಕೆರೆಯ ಮನೆಯಲ್ಲಿ ಹಾಸಿಗೆ ಮುಟ್ಟಿದ ಕೈಯಿಂದ ಮಡಿಬಟ್ಟೆಯ ಗಳುವನ್ನು ಮುಟ್ಟಿದ್ದಕ್ಕೆ ಅಜ್ಜಿ ಕೂಗಾಡಿ ಗಳುವಿನ ಮೇಲಿದ್ದ ಬಟ್ಟೆಯನ್ನೆಲ್ಲ ಮತ್ತೆ ಒಗೆಸಿದ್ದಳು. ಮೈಲಿಗೆಯೆಂದರೆ ಏನೆಂಬುದನ್ನು ಈ ಬಂದರಿನಲ್ಲಿ ಯಾರಿಗಾದರೂ ಕಲಿಸಬಲ್ಲವನಿದ್ದರೆ ಅವನು ತಾನು, ಹೆಣದ ಬಟ್ಟೆ ತೊಟ್ಟು ನಿಂತಿರುವವನೂ ತಾನು. ದಾರ ಎಳೆದು ಕಳಚಿ ಎಸೆದು ಹೋಗಬಹುದಿತ್ತು. ಪರದೆಯಾಚೆ ಮುಂದಿನ ಸಾಲಿನಲ್ಲಿ ಸಂಘದವರೆಲ್ಲ ಕೂತಿದ್ದರು, ತುಳಸಿಯ ರೇಷ್ಮೆ ಸೀರೆ ಕೂತಿತ್ತು. ನಾಳೆ ಸೋಮವಾರ. ಎರಡು ವರ್ಷದ ಹಿಂದೆಯೂ ಹೀಗೇ, ನಾಳೆ ಏನೋ ಇತ್ತು. ಚೀನೀ ಹೊಸ ವರ್ಷದ ವಾರ, ಆಫೀಸಿನ ತುಂಬ ಕೆಂಪು ಲಾಟೀನು, ಕಿತ್ತಳೆಯ ಬುಟ್ಟಿ. ಫೋನಿನಲ್ಲಿ ತಮ್ಮ ಅಳುತ್ತ ಅಪ್ಪ ಹೋದರು ಎಂದಾಗ ಹಡಗಿನ ಕಾಗದ ಮುಗಿಸುವ ಗಡುವು ಹತ್ತಿರವಾಗಿತ್ತು. ಸೂತಕದವನು ಆ ವಾರ ಆಫೀಸಿಗೆ ಕಾಲಿಟ್ಟರೆ ವರ್ಷವಿಡೀ ವ್ಯಾಪಾರ ಸಾಯುತ್ತದೆಂದು, ತಾಯಿ ಸತ್ತ ಡ್ರೈವರನೊಬ್ಬನನ್ನು ಕೋ ಗೇಟಿನಿಂದಲೇ ಹಿಂದೆ ಕಳಿಸಿದ್ದನ್ನು ಅವನು ನೋಡಿದ್ದ. ಟಾಯ್ಲೆಟ್ಟಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದು ಉಳಿದ ಕಾಗದಗಳ ಕೆಲಸ ಮುಗಿಸಿದ. ತಿರುಪತಿಗೆ ಹರಕೆಯಿದೆ ಎಂದು ರಜೆ ಬರೆದ. ಊರು ಮುಟ್ಟುವಾಗ ಬೂದಿಯೂ ತಣ್ಣಗಾಗಿತ್ತು. ಅಪ್ಪನ ಮುಖವನ್ನು ಅವನು ನೋಡಲಿಲ್ಲ. ಸುದ್ದಿ ಕೇಳಿದ ತಕ್ಷಣ ಉಟ್ಟ ಬಟ್ಟೇಲೇ ಸ್ನಾನ ಮಾಡಿದ್ಯಾ ಎಂದು ತಮ್ಮ ಕೇಳಿದ. ಹೂಂ ಎಂದು ಸುಳ್ಳು ಹೇಳಿದ. ಬೋಳು ತಲೆಯಲ್ಲಿ ಕೆಲಸಕ್ಕೆ ಮರಳಿದಾಗ ಕೋ ಎಲ್ಲರೆದುರು ಆ ತಲೆಯನ್ನು ತಟ್ಟಿ, ಗುಡ್ ಗುಡ್, ದೇವರಿಗೆ ಖುಷಿ, ಕಂಪನಿಗೆ ಲಕ್ಕು ಎಂದಿದ್ದ. ಅಪ್ಪನಿಗಾಗಿ ಬೋಳಿಸಿದ ತಲೆಯನ್ನು ಎಲ್ಲರೂ ಒಬ್ಬೊಬ್ಬರಾಗಿ ಬಂದು ತಟ್ಟಿದರು. ಅವನು ತಲೆ ಬಗ್ಗಿಸಿಕೊಟ್ಟಿದ್ದ. ಅಂದಿನಿಂದ ಒಂದು ಪದ್ಯವೂ ಅವನ ಗಂಟಲಿಗೆ ಬಂದಿರಲಿಲ್ಲ. ಪ್ಯಾಂಟ್ರಿಯಲ್ಲಿ ಅವನು ಗುನುಗುತ್ತಿದ್ದುದು ಬರೀ ರಾಗ, ಮಾತಿಲ್ಲದ್ದು.

ಬೀಗದ ಕೈಯನ್ನು, ಊರಿನಲ್ಲಿ ತನ್ನ ತಾತ ಮಾಡುತ್ತಿದ್ದ ಹಾಗೆ, ಜನಿವಾರಕ್ಕೆ ಕಟ್ಟಿಕೊಂಡ. ಮಿಸ್ ಚೂ ದೂರದಿಂದಲೇ ಕೊಟ್ಟ ಪೌಡರ್ ಬಳಿದುಕೊಂಡ, ಟೊಪ್ಪಿಯ ದಾರವನ್ನು ಗಲ್ಲದ ಕೆಳಗೆ ಬಿಗಿದ. ಅವಳು ಅವನ ಬಟ್ಟೆಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಎತ್ತಿಟ್ಟಳು.

ಸಿಂಹಾಸನ ಪ್ಲಾಸ್ಟಿಕ್ ಕುರ್ಚಿಯಾಗಿತ್ತು, ಮೇಲೊಂದು ಹಳದಿ ಬಟ್ಟೆ. ಭವನದ ತುಂಬ ಕೆತ್ತನೆಯ ಮರದ ಕುರ್ಚಿಗಳಿದ್ದರೂ ಒಂದನ್ನೂ ಯಾಕೆ ಕೊಡಲಿಲ್ಲವೆಂಬುದು ಈಗ ಅವನಿಗೆ ಕೇಳದೆಯೇ ಗೊತ್ತಿತ್ತು. ಕೂತ. ಪರದೆ ಸರಿಯಿತು. ಸಭೆಯಲ್ಲಿ ಎರಡು ಬಗೆಯ ಸದ್ದು ಎದ್ದಿತು: ಕನ್ನಡದವರಿದ್ದ ಸಾಲಿನಿಂದ ಚಪ್ಪಾಳೆ, ಉಳಿದ ಮೇಜುಗಳಿಂದ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು. ತುಳಸಿ ಆ ಎರಡನೆಯದನ್ನು ಮೆಚ್ಚುಗೆಯೆಂದು ತಿಳಿದು ಪಕ್ಕದವಳ ಕಡೆ ತಿರುಗಿ ನಕ್ಕಳು. ಸೇನಾಪತಿ ಬಂದ. ಎದೆಗೆ ಅಡ್ಡಪಟ್ಟಿ ಬಿಗಿದ ಕೋನ ಹೊಟ್ಟೆ ಪಟ್ಟಿಯ ಎರಡೂ ಕಡೆ ಸಮವಾಗಿ ಹಂಚಿಹೋಗಿತ್ತು. ಗೋದಾಮಿನ ಹುಡುಗರು ಕರಿ ಉಲ್ಲನ್ನಿನ ಜಡೆಗಳನ್ನು ಮುಂದೊಡ್ಡಿದರು. ಕತ್ತರಿ ಮೊಂಡಾಗಿತ್ತು, ಸ್ವಾತಂತ್ರ್ಯ ಒಂದೇ ಏಟಿಗೆ ಬಾರದೆ, ಕೋ ಒಂದೊಂದು ಜಡೆಯನ್ನೂ ಜಗ್ಗಿ ಜಗ್ಗಿ ಕೊಯ್ದ. ಒಬ್ಬ ಹುಡುಗ ನೋವಿಗೆ ಕಿರುಚಿದ, ಜನ ನಕ್ಕರು. ನಂತರ ಡೆಸ್ಮಂಡ್ ಬಿಳಿ ಸೂಟಿನಲ್ಲಿ ಬಂದು ನಿಂತ. ಚಕ್ರವರ್ತಿಗೆ ಮಾತಿರಲಿಲ್ಲ. ಎರಡು ಸಾಲಾದರೂ ಕೊಡಿ ಎಂದು ಕೇಳಿದಾಗ ಕೋ ಹೇಳಿದ್ದ: ರಾಜ ಮಾತಾಡೋ ಹಾಗಿಲ್ಲ, ಕೂತ್ಕೋ, ಕೊಡು, ಎದ್ದೇಳು, ಹೋಗು.

ಅವನು ಎದ್ದ. ಉದ್ದ ತೋಳುಗಳೊಳಗಿಂದಲೇ ಕೆಂಪು ಡಬ್ಬಿಯನ್ನು ಚಾಚಿದ. ಡೆಸ್ಮಂಡ್ ಅವನ ಬಟ್ಟೆ ತಾಗದಂತೆ ಬೆರಳ ತುದಿಯಲ್ಲಿ ಅದನ್ನು ತೆಗೆದುಕೊಂಡ. ಆಗ ಕೋ ಮೈಕು ಹಿಡಿದು ಹೊಕ್ಕಿಯೆನ್ ಭಾಷೆಯಲ್ಲಿ ಏನೋ ಹೇಳಿದ; ಜನ ಘೊಳ್ಳೆಂದರು. ಅರ್ಥವಾಗದ ಅತಿಥಿಗಳಿಗೆ ಅನ್ಯಾಯವಾಗಬಾರದೆಂದು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಇದು ನಾಟಕದ ಮುದ್ರೆಯಲ್ಲ, ನಮ್ಮ ಕಂಪನಿಯ ನಿಜವಾದ ಚಾಪ್. ಮಿಸ್ಟರ್ ಯಜ್ಞ ಇಲ್ಲಿ ಹೇಗೆ ಕೊಟ್ಟರೋ ನಾಳೆಯಿಂದ ಆಫೀಸಿನಲ್ಲೂ ಹಾಗೇ. ನಮ್ಮ ಹೊಸ ಆಪರೇಷನ್ಸ್ ಮ್ಯಾನೇಜರಿಗೆ ಚಪ್ಪಾಳೆ.

ಚಪ್ಪಾಳೆ ಬಿತ್ತು. ಯಜ್ಞನಾರಾಯಣನೂ ತಟ್ಟಿದ. ತೋಳೊಳಗೆ ಹುದುಗಿದ ಕೈಗಳಿಂದ ಸದ್ದು ಬರಲಿಲ್ಲ, ಬರೀ ರೇಷ್ಮೆ ರೇಷ್ಮೆಗೆ ಸವರಿತು. ಗಣರಾಜ್ಯವೆಂದರೆ ಇದು, ಪಟ್ಟ ಮಗನಿಗೆ ಹೋಗದೆ ತಂಗಿಯ ಮಗನಿಗೆ ಹೋಗುವುದು ಎಂದು ಅವನ ತಿರಸ್ಕಾರ ತನ್ನ ಅಭ್ಯಾಸದಂತೆ ಒಂದು ವಾಕ್ಯವನ್ನು ಹೊಂದಿಸಿ ಕೊಟ್ಟಿತು. ಎಂಥ ಚೂಪಾದ ವಾಕ್ಯ. ಇಂಥವು ಹದಿನೈದು ವರ್ಷದಿಂದ ಅವನೊಳಗೆ ಹುಟ್ಟುತ್ತಲೇ ಇದ್ದವು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಸಾಲಿನಲ್ಲಿ ತುಳಸಿಯ ಮುಖ ಕಂಡಿತು, ಅದರ ಮೇಲೆ ಆ ನಗು ಇನ್ನೂ ಇತ್ತು, ತೆಗೆಯಲು ಮರೆತಂತೆ. ಧೃತಿ ಫೋನನ್ನು ಎತ್ತಿ ಹಿಡಿದು ಚಿತ್ರೀಕರಿಸುತ್ತಿದ್ದಳು. ಮನ್ಸೂರ್ ಒಬ್ಬನೇ ನಗುತ್ತಿರಲಿಲ್ಲ.

ವೇದಿಕೆಯಿಂದ ಇಳಿದವನು ಬಟ್ಟೆಯ ಕೋಣೆಗೆ ಹೋಗಲಿಲ್ಲ. ಪಕ್ಕದ ಬಾಗಿಲಿನಿಂದ ಬೀದಿಗೆ ನಡೆದ. ಆಫೀಸು ಇದ್ದುದು ಎರಡು ಬೀದಿ ಆಚೆ. ಮಧ್ಯಾಹ್ನದ ಬಿಸಿಲು ತಾರಿನ ಮೇಲೆ ನಡುಗುತ್ತಿತ್ತು. ಮೊದಲ ತಿರುವಿನಲ್ಲೇ ಅದು ಆರಂಭವಾಯಿತು. ನೂಡಲ್ ತಿನ್ನುತ್ತಿದ್ದವರು ಕಡ್ಡಿಗಳನ್ನು ಕೆಳಗಿಟ್ಟರು. ಒಬ್ಬ ತಾಯಿ ಮಗುವಿನ ಕಣ್ಣು ಮುಚ್ಚಿ ಗೋಡೆಗೆ ತಿರುಗಿಸಿದಳು. ಎದುರು ಬರುತ್ತಿದ್ದವರು ರಸ್ತೆ ದಾಟಿ ಆಚೆ ಬದಿಗೆ ಹೋದರು. ದೊಡ್ಡ ಬಿಳಿ ಕಾರೊಂದು ಅವನನ್ನು ಕಂಡು ಹಾರನ್ನೂ ಹೊಡೆಯದೆ ಹಿಂದಕ್ಕೆ ಸರಿಯಿತು. ಈ ಬೀದಿಯಲ್ಲಿ ಅವನು ದಿನವೂ ನಡೆಯುತ್ತಿದ್ದ, ಲಾರಿಗಳಿಗೆ, ಸ್ಕೂಟರುಗಳಿಗೆ, ತರಕಾರಿಯ ಗಾಡಿಗೆ ಪಕ್ಕ ಸರಿಯುತ್ತ. ಇಂದು ಬೀದಿಯೇ ಅವನಿಗೆ ಸರಿಯಿತು. ಲಾಟರಿ ಅಂಗಡಿಯ ಮುಂದಿನ ಮುದುಕನೊಬ್ಬ ಮಾತ್ರ ಕದಲದೆ, ವಯಸ್ಸೆಷ್ಟು ಎಂದು ಕೇಳಿದ. ಐವತ್ತೆರಡು ಎಂದ ಯಜ್ಞನಾರಾಯಣ. ಹೆಣದ ವಯಸ್ಸು ಲಾಟರಿಗೆ ಅದೃಷ್ಟವೆಂದು ಇಲ್ಲಿ ನಂಬುತ್ತಾರೆ; ಮುದುಕ ಕೃತಜ್ಞತೆಯಿಂದ ತಲೆಯಾಡಿಸಿ ಆ ನಂಬರ್ ಕೊಳ್ಳಲು ಒಳಗೆ ಹೋದ. ಹಿಂದಿನಿಂದ ಮನ್ಸೂರನ ಕಾರು ಮೆಲ್ಲಗೆ ಬಂತು. "ಸರ, ಹತ್ರಿ ಗಾಡಿ. ಬಿಡ್ರಿ ಆ ಮಂದೀನ," ಎಂದ. ದನಿಯಲ್ಲಿ ಹಾಸ್ಯವಿರಲಿಲ್ಲ, ಅದೇ ಸಹಿಸಲಾಗಲಿಲ್ಲ. ಅವನು ಕೈಯಾಡಿಸಿ ಮುಂದೆ ನಡೆದ.

ಬೀಗದ ಮುಂದೆ ಬಗ್ಗಿದ. ಬೆವರಿನಿಂದ ಜನಿವಾರದ ಗಂಟು ಬಿಗಿದುಹೋಗಿತ್ತು, ಬೀಗದ ಕೈ ಬಿಚ್ಚಿಬರಲಿಲ್ಲ. ಎದೆಯನ್ನೇ ಬಾಗಿಲಿಗೆ ಒತ್ತಿ, ತಬ್ಬಿಕೊಂಡವನಂತೆ ನಿಂತು, ತಿರುಗಿಸಿದ. ಗಾಜಿನ ಕೋಣೆಗೆ ಹೋಗಿ ಕರಿ ಕುರ್ಚಿಯಲ್ಲಿ ಕೂತ. ತುದಿಯಲ್ಲಿ ಅಲ್ಲ. ಬೆನ್ನು ಪೂರ್ತಿ ಒರಗಿಸಿದ, ತಲೆಯನ್ನೂ. ಚರ್ಮ ಉಸ್ಸೆಂದಿತು. ಹೆಣದ ರೇಷ್ಮೆಯನ್ನು ಕುರ್ಚಿಯ ಕೈಗಳಿಗೆ, ಬೆನ್ನಿಗೆ, ಅಂಚಿಗೆ ಚೆನ್ನಾಗಿ ತಾಗುವಂತೆ ಹರಡಿದ. ಅಜ್ಜಿಯ ಕಣ್ಣಿನಿಂದ ನೋಡಿ, ತಾಗದೆ ಉಳಿದ ಜಾಗವಿದ್ದರೆ ಅಲ್ಲಿಗೂ ತಾಗಿಸಿದ. ಮೈಲಿಗೆ ಹೇಗೆ ಹರಿಯುತ್ತದೆಂಬುದು ಅವನಿಗೆ ಗೊತ್ತಿತ್ತು. ಬಟ್ಟೆಯಿಂದ ಮರಕ್ಕೆ, ಮರದಿಂದ ನೆಲಕ್ಕೆ, ನೆಲದಿಂದ ಮನೆಗೆ. ಮೇಜಿನ ಫೋನು ಬಡಿದುಕೊಂಡು ಸುಮ್ಮನಾಯಿತು. ಅವರು ಬಂದರು: ಅಡ್ಡಪಟ್ಟಿಯ ಕೋ, ಬಿಳಿ ಸೂಟಿನ ಡೆಸ್ಮಂಡ್, ಪ್ಲಾಸ್ಟಿಕ್ ಚೀಲ ಹಿಡಿದ ಮಿಸ್ ಚೂ. ಹಿಂದೆ ತುಳಸಿ, ಧೃತಿ, ಮನ್ಸೂರ್. ಕ್ರಾಂತಿಯ ಸೇನಾಪತಿ ಹೊಸ್ತಿಲ ಬಳಿ ನಿಂತುಬಿಟ್ಟ. ಅವನ ಬೂಟಿನ ತುದಿ ಗೆರೆಯಿಂದ ಈಚೆಗೆ ಬರಲಿಲ್ಲ.

"ಯಜ್ಞ, ಹೊರಗೆ ಬಾ ಲಾ," ಎಂದ ಕೋ. ಮೊದಲು ಸಿಟ್ಟಿನಿಂದ, ಆಮೇಲೆ ಮೆಲ್ಲಗೆ. ಒಂದು ಲಕೋಟೆ ಚಾಚಿದ. ಇದರಲ್ಲಿ ಸಿಹಿ ಇದೆ, ಕೆಂಪು ದಾರ ಇದೆ, ತಗೋ, ಎಲ್ಲ ಸರಿಹೋಗುತ್ತೆ ಎಂದ. ಸತ್ತವರ ಮನೆಯಿಂದ ಹೊರಡುವವರಿಗೆ ಕೊಡುವುದು ಅದು. ಅದೂ ಯಜ್ಞನಾರಾಯಣನಿಗೆ ಗೊತ್ತಿತ್ತು. "ನಾಳೆ ಬೆಳಿಗ್ಗೆ ಡೆಸ್ಮಂಡ್ ಇಲ್ಲಿ ಕೂರಬೇಕು."

"ಕೂರಲಿ," ಎಂದ ಯಜ್ಞನಾರಾಯಣ.

"ಅಂಕಲ್, ನನಗೆ ಆ ಕುರ್ಚಿ ಬೇಡ," ಎಂದ ಡೆಸ್ಮಂಡ್ ಹಿಂದಿನಿಂದ. ಮೆಲ್ಬೋರ್ನ್ ಅವನ ದನಿಯಿಂದ ಪೂರ್ತಿ ಇಳಿದುಹೋಗಿತ್ತು. "ಆ ರೂಮೂ ಬೇಡ."

ಹದಿನೈದು ವರ್ಷಗಳ ಕೂಡಿಟ್ಟ ಆಸ್ತಿ ಒಮ್ಮೆಗೇ ಖರ್ಚಾದ ಹಗುರ ಅವನಿಗಾಯಿತು. ಕುರ್ಚಿ ಅವನದಾಗಿತ್ತು. ಇನ್ನು ಅದನ್ನು ಯಾರೂ ಕೇಳುವುದಿಲ್ಲ. ಅದರ ಜೊತೆಗೆ ಅವನನ್ನೂ ಯಾರೂ ಕೇಳುವುದಿಲ್ಲ. ನಾಳೆ ಅವನಿಗೆ ಮೇಜು ಇರಲಿಕ್ಕಿಲ್ಲ, ಮುಂದಿನ ವರ್ಷ ಈ ದೇಶದಲ್ಲಿ ಕೆಲಸದ ಪರವಾನಗಿಯೂ ಇರಲಿಕ್ಕಿಲ್ಲ. ಇರಲಿ. ಗೆದ್ದ ಸಂಧಿಯೊಂದನ್ನು ಎತ್ತಬೇಕೆನಿಸಿ, ಗಂಟಲು ಸರಿಮಾಡಿಕೊಂಡು, ಎದುರಿನ ಆರಿದ ಕಂಪ್ಯೂಟರ್ ಪರದೆಯತ್ತ ಮುಖ ಎತ್ತಿದ. ಆ ಕಪ್ಪಿನಲ್ಲಿ ಒಬ್ಬ ಮುದುಕ ಒರಗಿದ್ದ. ಬಿಳಿಚಿದ ಮುಖ, ಗಲ್ಲಕ್ಕೆ ಬಿಗಿದ ದಾರ, ಅರೆ ಮುಚ್ಚಿದ ಕಣ್ಣು, ಏನೋ ಹೇಳಲಿದ್ದು ಅಲ್ಲಿಗೇ ನಿಂತ ಬಾಯಿ. ಆ ಬಾಯಿಯ ಎಡ ಮೂಲೆ ಸ್ವಲ್ಪ ಇಳಿದಿತ್ತು, ತನ್ನ ಸ್ವರ ತಪ್ಪಿದಾಗ ಅಪ್ಪನದು ಇಳಿಯುತ್ತಿದ್ದ ಹಾಗೆ. ಊರಿನ ಜಗುಲಿಯಲ್ಲಿ ಮಲಗಿಸಿದ್ದಾಗ ತಾನು ನೋಡದೆ ಹೋದ ಮುಖ, ತಮ್ಮ ಎಷ್ಟು ಸಲ ವರ್ಣಿಸಿದರೂ ಕಲ್ಪನೆಗೆ ಬಾರದ ಮುಖ, ಈ ಕೋಣೆಯಲ್ಲಿ, ಈ ಕುರ್ಚಿಯಲ್ಲಿ, ತಾನು ಆ ದಿನ ಸುದ್ದಿ ಕೇಳಿಯೂ ಕಾಗದ ಮುಗಿಸುತ್ತ ಕೂತಿದ್ದ ಜಾಗದಿಂದ ನಾಲ್ಕು ಮಾರು ದೂರದಲ್ಲಿ, ಕಾಯುತ್ತ ಒರಗಿತ್ತು.

ಯಾರೂ ಕರೆಯದೆ ಅವನು ಎದ್ದ. ಹೊಸ್ತಿಲ ಬಳಿ ಬಂದಾಗ ಎಲ್ಲರೂ ಎರಡು ಬದಿಗೆ ಸರಿದರು. ಅದನ್ನೀಗ ಅವನು ಗಮನಿಸಲಿಲ್ಲ. ಕಟ್ಟಡದ ಹಿಂಭಾಗದ ಅಂಗಳದಲ್ಲಿ ಲಾರಿ ತೊಳೆಯುವ ನಲ್ಲಿ ಇತ್ತು, ಅದಕ್ಕೊಂದು ದಪ್ಪ ಪೈಪು. ಪೂರ್ವ ಯಾವ ಕಡೆಯೆಂದು ಒಂದು ಕ್ಷಣ ಯೋಚಿಸಿ, ಕಂಟೇನರುಗಳ ಗೋಡೆಯ ಕಡೆ ತಿರುಗಿ ನಿಂತು, ಟೊಪ್ಪಿ ತೆಗೆದಿಟ್ಟು, ನಿಲುವಂಗಿಯ ಸಮೇತ ನೆತ್ತಿಯ ಮೇಲೆ ನೀರು ಬಿಟ್ಟುಕೊಂಡ. ಪೌಡರ್ ಇಳಿಯಿತು. ಅಗ್ಗದ ನೀಲಿ ಬಣ್ಣ ಬಿಟ್ಟಿತು. ಒಳಗಿನ ಬಿಳಿಯ ಮೇಲೆ, ಕಾಲ ಮೇಲೆ, ಸಿಮೆಂಟಿನ ಮೇಲೆ ಹರಿದು ಮೋರಿಯತ್ತ ಓಡಿತು. ಜನಿವಾರದ ಗಂಟು ಸಡಿಲಾಗಿ ಬೀಗದ ಕೈ ಟಣ್ಣೆಂದು ಕೆಳಗೆ ಬಿತ್ತು. ತುಳಸಿಗೆ ಅರ್ಥವಾಯಿತೋ ಏನೋ. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು ಅಂಗಳದ ಅಂಚಿಗೆ ಬಂದು ನಿಂತಳು.

"ಗುಡ್, ಗುಡ್," ಎಂದ ಕೋ ದೂರದಿಂದ, ದೊಡ್ಡ ಭಾರ ಇಳಿದವನಂತೆ. ಆ ನೀರಿಗೆ ಕೆಡುಕು ಕಳೆಯುವ ಚಕ್ಕೋತದ ಎಲೆ ಹಾಕಿದ್ದರೆ ಇನ್ನೂ ಒಳ್ಳೆಯದಿತ್ತು ಎಂದು ಮಿಸ್ ಚೂಗೆ ಹೇಳುತ್ತಿದ್ದ.

ಯಜ್ಞನಾರಾಯಣ ಕೇಳಿಸಿಕೊಳ್ಳಲಿಲ್ಲ. ನೀರಿನೊಳಗೆ ಅವನ ಬಾಯಿ ತೆರೆದಿತ್ತು. ಮೊದಲು ಬರೀ ರಾಗ, ಮುಖಾರಿ, ಕೆಳಗಿನ ಸ್ಥಾಯಿಯಲ್ಲಿ. ಆಮೇಲೆ, ಎರಡು ವರ್ಷ ಬಾರದಿದ್ದ ಮಾತುಗಳು, ಸೋತವನ ಸಂಧಿಯ ಮೊದಲ ಪದ್ಯ. ಉಸಿರು ಸಾಲಲಿಲ್ಲ. ಮೂರನೆಯ ಸಾಲಿನಲ್ಲಿ ಮುರಿಯಿತು. ಅವನು ಮುಖದ ನೀರನ್ನು ಒರೆಸಿಕೊಂಡು ಮತ್ತೆ ಮೊದಲಿನಿಂದ ಎತ್ತಿಕೊಂಡ.